ಗರ್ಭಧಾರಣೆಯ ಮೊದಲ ವಾರಗಳು: ದೇಹ ಮತ್ತು ಮನಸ್ಸಿನ ಬದಲಾವಣೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗರ್ಭಿಣಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಸಿರು ಬಳೆ ತೊಟ್ಟು ಸೀಮಂತದ ಮಣೆಯ ಮೇಲೆ ಕುಳಿತ, ಹೊಟ್ಟೆ ಎದ್ದು ಕಾಣುವ ಹೆಣ್ಣುಮಗಳು. ಬಸ್ಸಿನಲ್ಲಿ ಎದ್ದು ಜಾಗ ಕೊಡುವುದು, ಕೊಡ ಎತ್ತಬೇಡ ಎನ್ನುವುದು, ಏನು ತಿನ್ನಬೇಕೆನಿಸುತ್ತದೆ ಎಂದು ಕೇಳುವುದು ಎಲ್ಲವೂ ಆ ಹೊತ್ತಿಗೆ ಶುರುವಾಗುತ್ತದೆ. ಆದರೆ ದೇಹದೊಳಗಿನ ಅತ್ಯಂತ ವೇಗದ ಬದಲಾವಣೆಗಳು ನಡೆದುಹೋಗುವುದು ಹೊರಗೆ ಏನೂ ಕಾಣದ ಮೊದಲ ಹನ್ನೆರಡು ವಾರಗಳಲ್ಲಿ. ಕಾಣದ ಕಾರಣಕ್ಕೇ ಆ ದಿನಗಳ ಸುಸ್ತನ್ನು ಸೋಮಾರಿತನವೆಂದೂ, ವಾಕರಿಕೆಯನ್ನು ನಾಜೂಕುತನವೆಂದೂ, ಅಳುವನ್ನು ಹಟವೆಂದೂ ಮನೆಯವರು ತಿಳಿಯುತ್ತಾರೆ. ಎಷ್ಟೋ ಸಲ ಆಕೆಯೂ ಹಾಗೆಯೇ ತಿಳಿದು ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ. ಗರ್ಭಿಣಿಯರ ತಪಾಸಣೆಗೆ ಬಂದು ಬೆಂಚಿನ ಮೇಲೆ ಕುಳಿತವರು ಮತ್ತೆ ಮತ್ತೆ ಕೇಳುವ, ಕೆಲವೊಮ್ಮೆ ಹಿಂಜರಿದು ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ವೈದ್ಯರ ತಪಾಸಣೆಗೆ ಇದು ಬದಲಿಯಲ್ಲ. ಹೋಗುವ ಮುನ್ನ, ಹೋಗಿ ಬಂದ ಮೇಲೆ ಮನೆಯವರೊಂದಿಗೆ ಕುಳಿತು ಓದಿಕೊಳ್ಳಲು ಬರೆದದ್ದು.

ಮುಟ್ಟು ತಪ್ಪಿ ಇನ್ನೂ ಒಂದು ವಾರವೂ ಆಗಿಲ್ಲ. ಆಗಲೇ ‘ಐದನೆಯ ವಾರ’ ಎನ್ನುತ್ತಾರಲ್ಲ, ಇದು ಯಾವ ಲೆಕ್ಕ?

ಗರ್ಭದ ವಾರಗಳನ್ನು ಎಣಿಸುವುದು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಗರ್ಭ ನಿಂತ ದಿನ ಬಹಳಷ್ಟು ಜನರಿಗೆ ಖಚಿತವಾಗಿ ತಿಳಿದಿರುವುದಿಲ್ಲ, ಮುಟ್ಟಿನ ದಿನ ನೆನಪಿರುತ್ತದೆ ಎಂಬುದೇ ಇದಕ್ಕೆ ಕಾರಣ. ಈ ಲೆಕ್ಕದಲ್ಲಿ ಪೂರ್ಣ ಅವಧಿ 280 ದಿನ, ಅಂದರೆ 40 ವಾರ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡಾಣು ಬಿಡುಗಡೆಯಾಗುವುದು ಸುಮಾರು 14ನೆಯ ದಿನ. ಆದ್ದರಿಂದ ಲೆಕ್ಕದ ಮೊದಲ ಎರಡು ವಾರ ಗರ್ಭವೇ ಇರುವುದಿಲ್ಲ. ಮುಟ್ಟು ತಪ್ಪಿದ ದಿನವೇ ನಾಲ್ಕು ವಾರ ತುಂಬಿರುತ್ತದೆ.

ಈ ಎರಡು ವಾರದ ವ್ಯತ್ಯಾಸ ಗೊತ್ತಿಲ್ಲದೆ ಮನೆಗಳಲ್ಲಿ ಸಂಕಟವಾಗುವುದನ್ನು ಕಂಡಿದ್ದೇನೆ. ಒಬ್ಬ ಹೆಣ್ಣುಮಗಳು ಸ್ಕ್ಯಾನಿಂಗ್ ವರದಿಯನ್ನು ಎದೆಗವಚಿ ಹಿಡಿದು ನಿಂತಿದ್ದಳು. ವರದಿಯಲ್ಲಿ ಐದು ವಾರ ಮೂರು ದಿನ ಎಂದಿತ್ತು. ದೂರದ ಊರಿನಲ್ಲಿ ಕೆಲಸಕ್ಕಿದ್ದ ಗಂಡ ಮನೆಗೆ ಬಂದು ಇಪ್ಪತ್ತಾರು ದಿನವಾಗಿತ್ತು. ಅತ್ತೆ ಏನೂ ಆಡಿರಲಿಲ್ಲ, ಆದರೆ ಮಾತು ಬಿಟ್ಟಿದ್ದರು. ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಅದರ ಮೇಲೆ ಪೆನ್ನಿನಿಂದ ಒಂದೊಂದೇ ಮನೆ ಹಿಂದಕ್ಕೆ ಎಣಿಸಿ, 38 ದಿನದಲ್ಲಿ 14 ಕಳೆದರೆ 24 ಉಳಿಯುತ್ತದೆ ಎಂದು ತೋರಿಸಿದಾಗ ಆ ಹಿರಿಯರು ಸೊಸೆಯ ಕೈ ಹಿಡಿದುಕೊಂಡರು. ವರದಿ ಕೈಗೆ ಬಂದ ದಿನವೇ ಈ ಲೆಕ್ಕವನ್ನು ಮನೆಯ ಎಲ್ಲರಿಗೂ ಹೇಳಿಬಿಡುವುದು ಒಳ್ಳೆಯದು.

ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದೇ? ಎರಡನೆಯ ಗೆರೆ ತೀರ ಮಸುಕಾಗಿದ್ದರೆ ಏನರ್ಥ?

ಮಾಡಿಕೊಳ್ಳಬಹುದು. ಅಂಗಡಿಯಲ್ಲಿ ಸಿಗುವ ಕಿಟ್ ಆಗಲಿ, ಆಶಾ ಕಾರ್ಯಕರ್ತೆಯರ ಬಳಿ ಸಿಗುವ ‘ನಿಶ್ಚಯ’ ಕಿಟ್ ಆಗಲಿ ಹುಡುಕುವುದು ಒಂದೇ ಹಾರ್ಮೋನನ್ನು, ಎಚ್‌ಸಿಜಿಯನ್ನು. ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡ ಮೇಲಷ್ಟೇ ಇದು ತಾಯಿಯ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಬರುತ್ತದೆ. ಆರಂಭದ ದಿನಗಳಲ್ಲಿ ಸುಮಾರು ಎರಡು ಮೂರು ದಿನಕ್ಕೊಮ್ಮೆ ಇದರ ಪ್ರಮಾಣ ದುಪ್ಪಟ್ಟಾಗುತ್ತದೆ. ಹಾಗಾಗಿ ಮುಟ್ಟಿನ ದಿನಕ್ಕೆ ಮೊದಲೇ ಪರೀಕ್ಷಿಸಿದರೆ ಗೆರೆ ಕಾಣದೇ ಇರಬಹುದು. ಮುಟ್ಟು ತಪ್ಪಿದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಮಾಡುವುದು ಉತ್ತಮ. ಕಿಟ್ ಮೇಲೆ ಹೇಳಿದ ನಿಮಿಷಗಳೊಳಗೆ ಕಂಡ ಗೆರೆ ಎಷ್ಟೇ ಮಸುಕಾಗಿದ್ದರೂ ಸಾಮಾನ್ಯವಾಗಿ ಅದು ಗರ್ಭದ ಸೂಚನೆಯೇ. ಅನುಮಾನವಿದ್ದರೆ ಎರಡು ಮೂರು ದಿನ ಬಿಟ್ಟು ಮತ್ತೆ ಮಾಡಿ ನೋಡಿ. ಗಂಟೆಗಟ್ಟಲೆ ಬಿಟ್ಟು ನೋಡಿದ ಗೆರೆಯನ್ನು ನಂಬಬೇಡಿ.

ಮುಟ್ಟಿನ ದಿನಕ್ಕೆ ಸರಿಯಾಗಿ ಒಂದೆರಡು ಹನಿ ರಕ್ತ ಕಂಡಿತ್ತು. ಅದು ಮುಟ್ಟೇ, ಗರ್ಭವೇ?

ಭ್ರೂಣ ಅಂಟಿಕೊಳ್ಳುವ ದಿನಗಳ ಆಸುಪಾಸಿನಲ್ಲಿ ಕೆಲವರಿಗೆ ತಿಳಿ ಗುಲಾಬಿ ಅಥವಾ ಕಂದು ಬಣ್ಣದ ಕಲೆ ಒಂದೆರಡು ದಿನ ಕಾಣಿಸುವುದುಂಟು. ಬಟ್ಟೆ ಅಥವಾ ಪ್ಯಾಡ್ ತುಂಬುವಷ್ಟು ಹೋಗುವುದಿಲ್ಲ. ಇದನ್ನೇ ಮುಟ್ಟೆಂದು ಎಣಿಸಿ ದಿನಾಂಕ ಹೇಳಿದರೆ ವಾರಗಳ ಲೆಕ್ಕ ಒಂದು ತಿಂಗಳು ತಪ್ಪುತ್ತದೆ. ಆದ್ದರಿಂದ ‘ಈ ಸಲ ಯಾವಾಗಿನಂತೆ ಹೋಗಲಿಲ್ಲ’ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ.

ಏನೂ ಕೆಲಸ ಮಾಡದಿದ್ದರೂ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚಿ ಬರುತ್ತದೆ. ಇಷ್ಟೊಂದು ಸುಸ್ತು ಸಹಜವೇ?

ಸಹಜ. ‘ಏನೂ ಕೆಲಸ ಮಾಡದಿದ್ದರೂ’ ಎಂಬ ಮಾತನ್ನು ಮಾತ್ರ ತಿದ್ದಬೇಕು. ಆರನೆಯ ವಾರದಲ್ಲಿ ಭ್ರೂಣ ಒಂದು ಬೇಳೆಕಾಳಿನಷ್ಟಿರುತ್ತದೆ, ಆದರೆ ಅದಕ್ಕೆ ಆಧಾರವಾಗುವ ಮಾಸು, ಅಂದರೆ ಕಸ, ಬೆಳೆಯುತ್ತಿರುತ್ತದೆ. ತಾಯಿಯ ದೇಹದಲ್ಲಿ ರಕ್ತದ ಪ್ರಮಾಣ ಏರಲು ಶುರುವಾಗಿರುತ್ತದೆ. ಹೃದಯ ನಿಮಿಷಕ್ಕೆ ಹಿಂದಿಗಿಂತ ಹೆಚ್ಚು ಸಲ ಬಡಿಯುತ್ತಿರುತ್ತದೆ. ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಸ್ವಲ್ಪ ಇಳಿದಿರುತ್ತದೆ. ಇದರ ಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನು ನಿದ್ದೆಯ ಮಂಪರನ್ನು ತರುತ್ತದೆ. ಕುಳಿತಲ್ಲೇ ದೇಹ ದುಡಿಯುತ್ತಿದೆ. ಹೊಲಕ್ಕೋ ಗಾರ್ಮೆಂಟ್ ಕೆಲಸಕ್ಕೋ ಹೋಗುವವರು, ಮನೆಯಲ್ಲಿ ಮೊದಲ ಮಗುವನ್ನು ಎತ್ತಿಕೊಂಡು ಅಡುಗೆ ಮಾಡುವವರು ಈ ದುಡಿಮೆಯ ಜೊತೆಗೆ ಆ ದುಡಿಮೆಯನ್ನೂ ಮಾಡುತ್ತಾರೆ.

ರಾತ್ರಿ ಒಂದು ಗಂಟೆ ಬೇಗ ಮಲಗುವುದು, ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಗುವುದು, ಕುಳಿತಲ್ಲಿಂದ ಮೆಲ್ಲಗೆ ಏಳುವುದು ನಿಜಕ್ಕೂ ಸಹಾಯ ಮಾಡುತ್ತವೆ. ಆದರೆ ನಮ್ಮಲ್ಲಿ ರಕ್ತಹೀನತೆ ಬಹಳ ಸಾಮಾನ್ಯವಾದ್ದರಿಂದ ಎಲ್ಲ ಸುಸ್ತನ್ನೂ ಗರ್ಭದ ತಲೆಗೆ ಕಟ್ಟಬಾರದು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಥೈರಾಯ್ಡ್ ಕೊರತೆಯೂ ಇದೇ ಸುಸ್ತಿನ ವೇಷದಲ್ಲಿ ಬರುತ್ತದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವುದು, ಎದೆ ಹೊಡೆದುಕೊಳ್ಳುವುದು, ತಲೆಸುತ್ತಿ ಬೀಳುವಂತಾಗುವುದು ಇದ್ದರೆ ರಕ್ತಪರೀಕ್ಷೆಯನ್ನು ಮುಂದೂಡಬೇಡಿ.

ಒಗ್ಗರಣೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತದೆ. ಏಕೆ ಹೀಗಾಗುತ್ತದೆ, ಯಾವಾಗ ಹೆದರಬೇಕು?

ಸುಮಾರು ಆರನೆಯ ವಾರದಲ್ಲಿ ಶುರುವಾಗಿ, ಒಂಬತ್ತರ ಹೊತ್ತಿಗೆ ಹೆಚ್ಚಾಗಿ, ಬಹುಪಾಲು ಮಂದಿಯಲ್ಲಿ ಹದಿನಾಲ್ಕರಿಂದ ಹದಿನಾರನೆಯ ವಾರದೊಳಗೆ ಇಳಿಯುವ ಈ ತೊಂದರೆ ಹತ್ತರಲ್ಲಿ ಏಳೆಂಟು ಗರ್ಭಿಣಿಯರಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಬರುತ್ತದೆ. ಬೆಳಗಿನ ಕಾಯಿಲೆ ಎಂಬ ಹೆಸರು ಇದಕ್ಕೆ ಅಂಟಿಕೊಂಡಿದೆ, ಆದರೆ ಅದು ಬೆಳಗಿಗಷ್ಟೇ ಸೀಮಿತವಲ್ಲ. ಸಂಜೆ ಹೆಚ್ಚಾಗುವವರೂ ಇಡೀ ದಿನ ನರಳುವವರೂ ಇದ್ದಾರೆ. ಎಚ್‌ಸಿಜಿ ಏರುವ ಕಾಲ ಮತ್ತು ವಾಕರಿಕೆಯ ಕಾಲ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಹುಕಾಲ ಅದನ್ನೇ ಕಾರಣವೆನ್ನುತ್ತಿದ್ದರು. 2023ರ ಕೊನೆಗೆ ಪ್ರಕಟವಾದ ಸಂಶೋಧನೆ ಜಿಡಿಎಫ್15 ಎಂಬ ಇನ್ನೊಂದು ಹಾರ್ಮೋನಿನ ಕಡೆ ಬೆರಳು ತೋರಿಸಿತು. ಇದು ಹೆಚ್ಚಾಗಿ ಮಾಸು ಮತ್ತು ಭ್ರೂಣದಿಂದ ಬಂದು, ತಾಯಿಯ ಮಿದುಳಿನಲ್ಲಿ ವಾಂತಿಗೆ ಸಂಬಂಧಿಸಿದ ಭಾಗವನ್ನು ತಟ್ಟುತ್ತದೆ. ಗರ್ಭಕ್ಕೆ ಮೊದಲು ಯಾರ ದೇಹಕ್ಕೆ ಇದರ ಅಭ್ಯಾಸ ಕಡಿಮೆಯೋ ಅವರಿಗೆ ತೊಂದರೆ ಹೆಚ್ಚು. ‘ನಾವೂ ಹೆತ್ತಿದ್ದೇವೆ, ನಮಗೇನೂ ಆಗಲಿಲ್ಲ’ ಎನ್ನುವ ಹಿರಿಯರಿಗೆ ಇದನ್ನು ವಿವರಿಸಬೇಕು. ಒಬ್ಬರಿಗೆ ಬರದೆ ಇನ್ನೊಬ್ಬರಿಗೆ ಬರುವುದು ಗಟ್ಟಿತನದ ಪ್ರಶ್ನೆಯೇ ಅಲ್ಲ.

ವಾಸನೆಯ ಕಥೆಯೇ ಬೇರೆ. ಸಾಸಿವೆ ಸಿಡಿದು ಇಂಗು ಬಿದ್ದ ಕ್ಷಣ, ಅನ್ನ ಬಸಿಯುವಾಗ ಮುಖಕ್ಕೆ ಬಡಿಯುವ ಗಂಜಿಯ ಹಬೆ, ಹಾಲು ಉಕ್ಕುವ ಮುನ್ನಿನ ಹಸಿ ವಾಸನೆ, ನಿನ್ನೆಯವರೆಗೆ ಇಷ್ಟವಾಗಿದ್ದ ಕಾಫಿಯ ಡಿಕಾಕ್ಷನ್, ಗಂಡ ಹಚ್ಚಿಕೊಳ್ಳುವ ತಲೆಎಣ್ಣೆ ಇವೆಲ್ಲ ಇದ್ದಕ್ಕಿದ್ದಂತೆ ಸಹಿಸಲಾಗದವು ಆಗುತ್ತವೆ. ಸೆರಗನ್ನು ಮೂಗಿಗೆ ಒತ್ತಿಹಿಡಿದು, ಒಂದೇ ಕೈಯಲ್ಲಿ ಸೌಟು ತಿರುಗಿಸುತ್ತ, ನಡುವೆ ಬಚ್ಚಲಿಗೆ ಓಡಿ ಬಾಯಿ ತೊಳೆದು ಬಂದು ಮತ್ತೆ ಅದೇ ಒಲೆಯ ಮುಂದೆ ನಿಲ್ಲುವ ಹೆಂಗಸರು ಎಷ್ಟೊಂದು. ಈ ಆರೇಳು ವಾರಗಳ ಮಟ್ಟಿಗೆ ಒಗ್ಗರಣೆಯ ಕೆಲಸವನ್ನಾದರೂ ಮನೆಯ ಬೇರೊಬ್ಬರು ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಮದ್ದಿಲ್ಲ.

ಹೊಟ್ಟೆ ಖಾಲಿ ಬಿಟ್ಟರೆ ವಾಕರಿಕೆ ಹೆಚ್ಚುತ್ತದೆ, ತುಂಬ ತುಂಬಿದರೂ ಹೆಚ್ಚುತ್ತದೆ. ಏಳುವ ಮುನ್ನ ಹಾಸಿಗೆಯಲ್ಲೇ ನಾಲ್ಕು ತುತ್ತು ಮಂಡಕ್ಕಿ, ರಸ್ಕ್ ಅಥವಾ ಒಣ ಅವಲಕ್ಕಿ ತಿಂದು ಹತ್ತು ನಿಮಿಷ ಬಿಟ್ಟು ಏಳಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಊಟದ ಜೊತೆ ನೀರು ಕುಡಿಯುವ ಬದಲು ನಡುನಡುವೆ ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿ ಅಡುಗೆಗಿಂತ ಆರಿದ ಮೊಸರನ್ನ, ಇಡ್ಲಿ, ನೀರು ಮಜ್ಜಿಗೆ, ನಿಂಬೆ ಪಾನಕ ಒಗ್ಗುವುದು ಅವುಗಳ ವಾಸನೆ ಕಡಿಮೆಯಾದ್ದರಿಂದ. ಶುಂಠಿ ಹಲವರಿಗೆ ನೆರವಾಗುತ್ತದೆ. ಇಷ್ಟಕ್ಕೂ ನಿಲ್ಲದಿದ್ದರೆ ಬಿ6 ವಿಟಮಿನ್ ಮತ್ತು ಡಾಕ್ಸಿಲಮೈನ್ ಸೇರಿದ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ; ಗರ್ಭಿಣಿಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಔಷಧ ಅದು, ಮಗುವಿಗೆ ತೊಂದರೆಯಾದೀತೆಂದು ಹೆದರಿ ಬಿಸಾಡಬೇಕಿಲ್ಲ.

ಹೆದರಬೇಕಾದ್ದು ಇಂಥ ಸ್ಥಿತಿಗೆ: ಇಡೀ ದಿನ ಕುಡಿದ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಕಳೆದರೂ ಮೂತ್ರ ಬರದಿದ್ದರೆ ಅಥವಾ ಗಾಢ ಹಳದಿಯಾಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಗರ್ಭಕ್ಕೆ ಮೊದಲಿದ್ದ ತೂಕದಲ್ಲಿ ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚು ಇಳಿದಿದ್ದರೆ. 50 ಕೆ.ಜಿ. ಇದ್ದವರು ಎರಡೂವರೆ ಕೆ.ಜಿ. ಇಳಿದರೆಂದರೆ ಅದು ಮನೆಮದ್ದಿನ ಹಂತ ದಾಟಿದ ಲೆಕ್ಕ. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗಬಹುದು.

ವಾಕರಿಕೆಯೇ ಇಲ್ಲದಿದ್ದರೆ ಗರ್ಭ ಸರಿಯಾಗಿಲ್ಲವೆಂದೇ?

ಅಲ್ಲ. ಏನೂ ಆಗದೆ ಹನ್ನೆರಡು ವಾರ ಕಳೆಯುವವರೂ ಇದ್ದಾರೆ, ಅವರ ಮಕ್ಕಳೂ ಚೆನ್ನಾಗಿಯೇ ಹುಟ್ಟುತ್ತಾರೆ. ಲಕ್ಷಣಗಳು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಇರುವುದೂ ಸಾಮಾನ್ಯ. ಗರ್ಭದ ಸ್ಥಿತಿಯನ್ನು ಹೇಳುವುದು ಸ್ಕ್ಯಾನಿಂಗ್, ವಾಂತಿಯ ಲೆಕ್ಕವಲ್ಲ.

ಹುಣಸೆಹಣ್ಣು, ಮಾವಿನಕಾಯಿ ಬೇಕೆನಿಸುವುದು ಸರಿ; ಆದರೆ ಮಣ್ಣು ತಿನ್ನಬೇಕೆನಿಸುತ್ತದೆ. ಹೇಳಲು ನಾಚಿಕೆಯಾಗುತ್ತದೆ.

ಇದನ್ನು ಕೇಳಿದವರು ಬಾಗಿಲವರೆಗೆ ಹೋಗಿ ತಿರುಗಿ ಬಂದವರು. ಬಯಕೆ ಎಂಬ ಒಂದೇ ಮಾತಿನೊಳಗೆ ನಾವು ಎರಡು ಬೇರೆ ಬೇರೆ ವಿಷಯಗಳನ್ನು ಸೇರಿಸಿಬಿಟ್ಟಿದ್ದೇವೆ. ಹುಳಿ, ಖಾರ, ತವರಿನ ಕೈರುಚಿ ಬೇಕೆನಿಸುವುದು ಒಂದು. ರುಚಿ ಮತ್ತು ವಾಸನೆಯ ಗ್ರಹಿಕೆ ಬದಲಾದಾಗ ಹಾಗಾಗುತ್ತದೆ, ಹಿತಮಿತವಾಗಿ ತಿಂದರೆ ತೊಂದರೆಯಿಲ್ಲ. ಕೆಮ್ಮಣ್ಣು, ಗೋಡೆಯ ಸುಣ್ಣ, ಬಳಪ, ಬೂದಿ, ಹಿಡಿಗಟ್ಟಲೆ ಹಸಿ ಅಕ್ಕಿ ತಿನ್ನಬೇಕೆನಿಸುವುದು ಇನ್ನೊಂದು. ಮಳೆ ಬಿದ್ದ ನೆಲದ ವಾಸನೆಗೆ ಬಾಯಲ್ಲಿ ನೀರೂರುತ್ತದೆ ಎನ್ನುವವರಲ್ಲಿ ಎಷ್ಟೋ ಮಂದಿಗೆ ಕಬ್ಬಿಣಾಂಶದ ಕೊರತೆ ಇರುತ್ತದೆ. ಇದು ಕೆಟ್ಟ ಚಟವಲ್ಲ, ದೃಷ್ಟಿಯಲ್ಲ, ಪರೀಕ್ಷಿಸಿ ಚಿಕಿತ್ಸೆ ಕೊಡಬಹುದಾದ ಸ್ಥಿತಿ. ಮಣ್ಣಿನ ಜೊತೆ ಜಂತುಹುಳುವಿನ ಮೊಟ್ಟೆ, ಸೀಸದಂಥ ಲೋಹ ಹೊಟ್ಟೆ ಸೇರುವ ಅಪಾಯವಿದೆಯಾದ್ದರಿಂದ ನಾಚದೆ ಹೇಳಿ. ಹೇಳಿದವರನ್ನು ಗದರುವ ಬದಲು ರಕ್ತಪರೀಕ್ಷೆ ಮಾಡಿಸುವುದು ಎದುರಿಗಿದ್ದವರ ಕರ್ತವ್ಯ.

ಸ್ತನಗಳಲ್ಲಿ ನೋವು, ಪದೇ ಪದೇ ಮೂತ್ರ, ಹೊಟ್ಟೆ ಉಬ್ಬರ, ಮಲಬದ್ಧತೆ, ಬಾಯಲ್ಲಿ ಜೊಲ್ಲು ಇವೆಲ್ಲವೂ ಸಹಜವೇ?

ಹೌದು. ಸ್ತನಗಳು ಬಿಗಿದು, ತೊಟ್ಟಿನ ಸುತ್ತ ಬಣ್ಣ ಗಾಢವಾಗಿ, ಅಲ್ಲಿ ಸಣ್ಣ ಗುಳ್ಳೆಗಳಂತೆ ಎದ್ದು ಕಾಣುವುದು ಹಾಲುಣಿಸುವ ಸಿದ್ಧತೆ. ಮೂತ್ರಪಿಂಡಗಳಿಗೆ ಹೆಚ್ಚು ರಕ್ತ ಹರಿಯುವುದರಿಂದ ಮೂತ್ರ ಹೆಚ್ಚು. ಆದರೆ ಉರಿ, ಜ್ವರ, ಚಳಿ ಜೊತೆಗಿದ್ದರೆ ಸೋಂಕೆಂದು ತಿಳಿದು ಪರೀಕ್ಷಿಸಿ. ಮೂತ್ರಕ್ಕೆ ಹೋಗಲು ಅನುಕೂಲವಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುವ ಕೆಲಸದ ಹೆಂಗಸರಲ್ಲಿ ಇದು ಹೆಚ್ಚು. ಪ್ರೊಜೆಸ್ಟೆರಾನ್ ಕರುಳಿನ ಚಲನೆಯನ್ನು ನಿಧಾನಗೊಳಿಸುವುದರಿಂದ ಉಬ್ಬರ, ಎದೆಯುರಿ, ಮಲಬದ್ಧತೆ. ಎಂಟನೆಯ ವಾರದಲ್ಲೇ ಹೊಟ್ಟೆ ಬಂದಂತೆ ಕಾಣುವುದು ಗಾಳಿಯಿಂದ, ಮಗುವಿನಿಂದಲ್ಲ.

ಸಣ್ಣ ಮಾತಿಗೂ ಅಳು ಬರುತ್ತದೆ. ಸಿಟ್ಟು ಬಂದರೆ ತಡೆಯಲಾಗುವುದಿಲ್ಲ. ನನಗೇನಾಗಿದೆ?

ಈಸ್ಟ್ರೋಜನ್, ಪ್ರೊಜೆಸ್ಟೆರಾನ್‌ಗಳ ಪ್ರಮಾಣ ಕೆಲವೇ ವಾರಗಳಲ್ಲಿ ಏರುವುದರ ಪರಿಣಾಮ ಮಿದುಳಿನ ಮೇಲೂ ಆಗುತ್ತದೆ. ಇದು ಅರ್ಧ ಕಾರಣ ಮಾತ್ರ. ನಿದ್ದೆ ಸಾಲದೆ, ಊಟ ಸೇರದೆ, ದಿನವಿಡೀ ಹೊಟ್ಟೆ ತೊಳಸುವ ಯಾರಿಗಾದರೂ ಸಹನೆ ಉಳಿಯುವುದಿಲ್ಲ. ಅದರ ಜೊತೆಗೆ ಹಣದ ಚಿಂತೆ, ಕೆಲಸ ಉಳಿದೀತೇ ಎಂಬ ಚಿಂತೆ, ಮಗು ಹೆಣ್ಣಾದರೆ ಮನೆಯವರು ಏನೆಂದಾರು ಎಂಬ ಚಿಂತೆ. ಎಲ್ಲವನ್ನೂ ಹಾರ್ಮೋನಿನ ಮೇಲೆ ಹಾಕಿ ‘ತಾನಾಗಿಯೇ ಸರಿಹೋಗುತ್ತದೆ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಚಿಂತೆಗಳಿಗೆ ಹೆಸರಿಟ್ಟು ಮಾತಾಡಿದಾಗಲೇ ಅಳು ಹಗುರಾಗುವುದು.

ಅತ್ತು, ಸುಧಾರಿಸಿಕೊಂಡು, ಸಂಜೆಗೆ ನಗುವಂತಿದ್ದರೆ ಅದು ಮನಸ್ಸಿನ ಏರಿಳಿತ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ಬೆಳಗಾಗುವುದೇ ಬೇಡವೆನಿಸಿದರೆ, ಎದೆಬಡಿತ ಮತ್ತು ಭಯದಿಂದ ನಿದ್ದೆ ಹಾರಿದರೆ, ಸಾಯಬೇಕೆಂಬ ಆಲೋಚನೆ ಬಂದರೆ ಅದು ಖಿನ್ನತೆ ಅಥವಾ ಆತಂಕದ ಕಾಯಿಲೆಯಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಗರ್ಭಿಣಿಗೆ ಮಾನಸಿಕ ಕಾಯಿಲೆ, ಮುಖ್ಯವಾಗಿ ಖಿನ್ನತೆ, ಕಾಡುತ್ತದೆ. ಬಾಣಂತಿಯ ಖಿನ್ನತೆಯ ಬಗ್ಗೆ ಈಗೀಗ ಮಾತು ಕೇಳಿಬರುತ್ತಿದೆ. ಬಸಿರಿನಲ್ಲೇ ಶುರುವಾಗುವುದರ ಬಗ್ಗೆ ಅಷ್ಟು ಕೇಳುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ ಮತ್ತು ಬಾಣಂತಿಯರಿಗೆಂದೇ ಮಾನಸಿಕ ಆರೋಗ್ಯ ಸೇವೆಯಿದೆ. ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವ ಆಲೋಚನೆ ಇದ್ದರೆ ಆಕೆಯನ್ನು ಒಬ್ಬಳೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲ್ಲರೂ ಸಿಹಿ ಹಂಚುತ್ತಿದ್ದಾರೆ. ನನಗೆ ಮಾತ್ರ ಸಂತೋಷವೇ ಆಗುತ್ತಿಲ್ಲ. ನಾನು ಕೆಟ್ಟ ತಾಯಿಯೇ?

ಇಲ್ಲ. ಬಯಸಿ ಪಡೆದ ಗರ್ಭದಲ್ಲೂ ಮೊದಲ ವಾರಗಳಲ್ಲಿ ಸಂತೋಷ, ಭಯ, ಬೇಸರ, ಏನೂ ಅನಿಸದಿರುವುದು ಎಲ್ಲವೂ ಬೆರೆತೇ ಇರುತ್ತವೆ. ವರ್ಷಗಟ್ಟಲೆ ಚಿಕಿತ್ಸೆ ಪಡೆದು ಗರ್ಭಿಣಿಯಾದವರೂ ಎರಡು ಗೆರೆ ಕಂಡ ದಿನ ಸುಮ್ಮನೆ ಕುಳಿತುಬಿಟ್ಟದ್ದನ್ನು ಹೇಳಿಕೊಳ್ಳುತ್ತಾರೆ. ಮಗುವಿನೊಂದಿಗಿನ ನಂಟು ಕೆಲವರಿಗೆ ಮೊದಲ ಸ್ಕ್ಯಾನಿಂಗ್‌ನಲ್ಲಿ, ಕೆಲವರಿಗೆ ಮಗು ಮಿಸುಕಾಡಿದಾಗ, ಇನ್ನು ಕೆಲವರಿಗೆ ಹೆತ್ತು ವಾರಗಳಾದ ಮೇಲೆ ಬೆಳೆಯುತ್ತದೆ.

ಈ ಗರ್ಭ ನಿಜಕ್ಕೂ ಬೇಡವೆನಿಸಿದ್ದರೆ ಅದನ್ನು ಹೇಳುವ ಹಕ್ಕೂ ಹೆಣ್ಣಿಗಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ, ಕಾಯ್ದೆ ಹೇಳುವ ಕಾರಣಗಳಿದ್ದಾಗ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಿಕೊಳ್ಳಬಹುದು. ಗರ್ಭನಿರೋಧಕ ವಿಫಲವಾದದ್ದೂ ಅಂಥ ಒಂದು ಕಾರಣ. ವಯಸ್ಕ ಹೆಣ್ಣಿಗೆ ಗಂಡನ ಸಹಿ ಬೇಕಿಲ್ಲ, ಹೆಸರನ್ನು ಗುಟ್ಟಾಗಿಡುವುದು ಕಡ್ಡಾಯ. ಅಂಗಡಿಯಿಂದ ಮಾತ್ರೆ ತಂದು ನುಂಗುವುದನ್ನು ಮಾತ್ರ ಮಾಡಬೇಡಿ. ಗರ್ಭವು ಗರ್ಭಕೋಶದ ಬದಲು ಅಂಡಾಣು ಸಾಗಿಬರುವ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಳಿಕೆ ಒಡೆದು ಪ್ರಾಣವೇ ಹೋದೀತು.

ಯಾವ ನೋವು, ಯಾವ ರಕ್ತಸ್ರಾವಕ್ಕೆ ಕೂಡಲೇ ಆಸ್ಪತ್ರೆಗೆ ಹೋಗಬೇಕು?

ಮುಟ್ಟಿನ ಹಿಂದಿನ ದಿನದಂಥ ಸಣ್ಣ ಸೆಳೆತ ಗರ್ಭಕೋಶ ಹಿಗ್ಗುವಾಗ ಬರುತ್ತದೆ, ವಿಶ್ರಾಂತಿಯಿಂದ ಇಳಿಯುತ್ತದೆ. ಆದರೆ ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ಚುಚ್ಚಿ ಹಿಡಿಯುವ ನೋವು, ಭುಜದ ತುದಿಯಲ್ಲಿ ನೋವು, ಬೆವರಿ ಕಣ್ಣು ಕತ್ತಲೆ ಬರುವುದು ನಳಿಕೆಯ ಗರ್ಭದ ಲಕ್ಷಣಗಳಾಗಿರಬಹುದು. ಹೊರಗೆ ಹನಿ ರಕ್ತ ಮಾತ್ರ ಕಂಡು ಒಳಗೆ ಲೀಟರುಗಟ್ಟಲೆ ಹರಿದಿರಬಹುದು. ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಒಂದು ಗಂಟೆಯಲ್ಲಿ ಪ್ಯಾಡ್ ನೆನೆಯುವಷ್ಟು ರಕ್ತ, ಗಡ್ಡೆಗಳು, ವಾಸನೆಯ ಸ್ರಾವದೊಂದಿಗೆ ಜ್ವರ ಇವೂ ತುರ್ತೇ. ಹನಿ ರಕ್ತ ಕಂಡ ಎಲ್ಲ ಗರ್ಭವೂ ಬೀಳುವುದಿಲ್ಲ, ಎಷ್ಟೋ ಗರ್ಭಗಳು ಮುಂದುವರಿಯುತ್ತವೆ. ಆದರೂ ಅದೇ ದಿನ ತೋರಿಸಿಕೊಳ್ಳಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಹೋದೊಡನೆ ಹೇಳಿ.

ಹಿಂದಿನ ಸಲ ಎಂಟನೆಯ ವಾರದಲ್ಲಿ ಹೋಯಿತು. ನಾನು ಬೈಕಿನಲ್ಲಿ ಹೋದದ್ದೇ ಕಾರಣವೇ? ಪಪ್ಪಾಯ ತಿಂದದ್ದೇ?

ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20ರಷ್ಟು ಹೋಗುತ್ತವೆ, ಅವುಗಳಲ್ಲಿ ಬಹುಪಾಲು ಮೊದಲ ಹನ್ನೆರಡು ವಾರಗಳಲ್ಲೇ. ಹಾಗೆ ಆರಂಭದಲ್ಲಿ ಹೋದವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಅಥವಾ ಅದಕ್ಕೂ ಹೆಚ್ಚಿಗೆ ಕಾರಣ ಭ್ರೂಣದ ವರ್ಣತಂತುಗಳಲ್ಲಿ ಆದ ತಪ್ಪು; ಅದು ಗರ್ಭ ನಿಂತ ಗಳಿಗೆಯಲ್ಲೇ ಆಗಿಹೋಗಿರುತ್ತದೆ. ಬೈಕು, ಮೆಟ್ಟಿಲು, ಅಡುಗೆಮನೆಯ ಕೆಲಸ, ಜಗಳದಲ್ಲಿ ಅತ್ತದ್ದು ಇವು ಯಾವುವೂ ಅದನ್ನು ಬದಲಿಸಲಾರವು. ಹಾಲು ಸೋರುವ ಕಾಯಿ ಪಪ್ಪಾಯವನ್ನು ಬಿಡುವುದು ಸರಿ. ಚೆನ್ನಾಗಿ ಮಾಗಿದ ಹಣ್ಣಿನ ನಾಲ್ಕು ಹೋಳಿನಿಂದ ಗರ್ಭ ಹೋಗುವುದಿಲ್ಲ. ಕಳೆದುಕೊಂಡ ಹೆಣ್ಣಿನ ಮುಂದೆ ‘ಅಂದೇ ಹೇಳಿದ್ದೆ, ತಿನ್ನಬೇಡವೆಂದು’ ಎನ್ನುವ ಮಾತಿನಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಆಕೆ ಅದನ್ನು ವರ್ಷಗಟ್ಟಲೆ ಹೊರುತ್ತಾಳೆ, ಮುಂದಿನ ಗರ್ಭದ ಪ್ರತಿ ದಿನವನ್ನೂ ಅದರ ಅಡಿಯಲ್ಲೇ ಕಳೆಯುತ್ತಾಳೆ. ಒಮ್ಮೆ ಹೋದವರಲ್ಲಿ ಬಹುಪಾಲು ಮಂದಿ ಮುಂದಿನ ಸಲ ಆರೋಗ್ಯವಂತ ಮಗುವನ್ನೇ ಹೆರುತ್ತಾರೆ. ಮೇಲಿಂದ ಮೇಲೆ ಹೋದರೆ ಕಾರಣ ಹುಡುಕುವ ಪರೀಕ್ಷೆಗಳಿವೆ.

ನಿಜವಾಗಿ ಬಿಡಬೇಕಾದವು ಬೇರೆ: ಮದ್ಯ, ಬೀಡಿ ಸಿಗರೇಟು ಮತ್ತು ಮನೆಯವರು ಸೇದುವ ಹೊಗೆ, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು. ಅದು ಹೆಂಗಸರಿಗೆ ತೀರ ಅಭ್ಯಾಸವಾಗಿಬಿಟ್ಟಿರುವುದರಿಂದ ತಂಬಾಕೆಂದೇ ಅನೇಕರು ಎಣಿಸುವುದಿಲ್ಲ. ಕಾಫಿ ದಿನಕ್ಕೆ ಎರಡು ಸಣ್ಣ ಲೋಟಕ್ಕಿರಲಿ.

ಯಾವ ಮಾತ್ರೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಫೋಲಿಕ್ ಆಮ್ಲ, ದಿನಕ್ಕೆ 400 ಮೈಕ್ರೋಗ್ರಾಂ. ಸಾಧ್ಯವಾದರೆ ಗರ್ಭಕ್ಕೆ ಮೊದಲಿನಿಂದಲೇ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗುವ ನಳಿಕೆ ಗರ್ಭ ನಿಂತ ಸುಮಾರು 28 ದಿನಗಳಲ್ಲಿ, ಅಂದರೆ ಲೆಕ್ಕದ ಆರನೆಯ ವಾರಕ್ಕೇ, ಮುಚ್ಚಿಕೊಂಡುಬಿಡುತ್ತದೆ. ಮೂರು ತಿಂಗಳು ತುಂಬಲೆಂದು ಕಾದು ಆಸ್ಪತ್ರೆಗೆ ಬರುವವರಿಗೆ ಆ ಕಾಲ ಮೀರಿರುತ್ತದೆ. ಕಬ್ಬಿಣದ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕನೆಯ ತಿಂಗಳಿನಿಂದ ಕೊಡುತ್ತಾರೆ.

ಥೈರಾಯ್ಡ್, ರಕ್ತದೊತ್ತಡ, ಮೂರ್ಛೆರೋಗ, ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎರಡು ಗೆರೆ ಕಂಡ ದಿನವೇ ಮಾತ್ರೆ ನಿಲ್ಲಿಸುವುದು ಅಪಾಯ. ಅದೇ ದಿನ ವೈದ್ಯರಿಗೆ ಫೋನ್ ಮಾಡುವುದು ಸರಿ. ಕೆಲವನ್ನು ಬದಲಿಸಬೇಕಾಗುತ್ತದೆ, ಥೈರಾಯ್ಡ್ ಮಾತ್ರೆಯನ್ನು ಹೆಚ್ಚಿಸಬೇಕಾಗಿಯೂ ಬರಬಹುದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರ ಕೂಡಲೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಜ್ವರಕ್ಕೆ, ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು.

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆನ್ನುತ್ತಾರೆ. ಪಾಲಿಸಬೇಕೇ?

ಊರಿಗೆಲ್ಲ ಹೇಳದಿರುವುದರಲ್ಲಿ ಅರ್ಥವಿದೆ. ಗರ್ಭ ಹೋದರೆ ಒಬ್ಬೊಬ್ಬರಿಗೂ ವಿವರಿಸುವ ಸಂಕಟ ತಪ್ಪುತ್ತದೆ. ಆದರೆ ಈ ಮಾತನ್ನು ಎಲ್ಲರಿಂದಲೂ ಮುಚ್ಚಿಡಬೇಕೆಂದು ತೆಗೆದುಕೊಂಡಾಗ ಆಕೆ ಅತ್ಯಂತ ಕಷ್ಟದ ವಾರಗಳನ್ನು ಒಬ್ಬಳೇ ಕಳೆಯುತ್ತಾಳೆ, ನಷ್ಟವಾದರೆ ಅದನ್ನೂ ಒಬ್ಬಳೇ ನುಂಗುತ್ತಾಳೆ. ಇಬ್ಬರಿಗಾದರೂ ಗೊತ್ತಿರಲಿ: ಮನೆಯಲ್ಲಿ ಕೆಲಸ ಹಂಚಿಕೊಳ್ಳುವ ಒಬ್ಬರಿಗೆ, ಮನಸ್ಸು ಬಿಚ್ಚಿ ಅಳಬಹುದಾದ ಒಬ್ಬರಿಗೆ. ಆಶಾ ಕಾರ್ಯಕರ್ತೆಗೆ ಮತ್ತು ವೈದ್ಯರಿಗೆ ಹೇಳುವುದಕ್ಕಂತೂ ಈ ಕಟ್ಟಳೆ ಅನ್ವಯಿಸಲೇಬಾರದು.

ಮೊದಲ ತಪಾಸಣೆಗೆ ಯಾವಾಗ ಹೋಗಬೇಕು, ಅಲ್ಲಿ ಏನು ಮಾಡುತ್ತಾರೆ?

ಗೊತ್ತಾದ ವಾರವೇ ಹೆಸರು ಬರೆಸಿ. ತಡವೆಂದರೆ 12 ವಾರದೊಳಗೆ. ಸರ್ಕಾರಿ ವ್ಯವಸ್ಥೆಯಲ್ಲಿ ತಾಯಿ ಕಾರ್ಡ್ ಕೊಡುತ್ತಾರೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಮೂತ್ರದ ಪರೀಕ್ಷೆಗಳಿರುತ್ತವೆ. ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಶುರುವಾಗುತ್ತದೆ. ಆರೇಳನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಗರ್ಭ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯುತ್ತದೆ, ಹೃದಯಬಡಿತ ಕಾಣಬಹುದು. ಕಾಣದಿದ್ದರೆ ಗಾಬರಿ ಬೇಡ. ದಿನದ ಲೆಕ್ಕ ಹಿಂದುಮುಂದಾಗಿರಬಹುದೆಂದು ಒಂದೆರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಕೊನೆಯ ಮುಟ್ಟಿನ ದಿನಾಂಕ, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಂಡನೂ ಜೊತೆಗೆ ಬರಲಿ, ಒಳಗೆ ಕುಳಿತು ಕೇಳಿಸಿಕೊಳ್ಳಲಿ.

ಇದೆಲ್ಲ ಯಾವಾಗ ತಗ್ಗುತ್ತದೆ?

ಹತ್ತು ಹನ್ನೊಂದನೆಯ ವಾರದ ಹೊತ್ತಿಗೆ ಎಚ್‌ಸಿಜಿ ತುದಿ ಮುಟ್ಟಿ ಇಳಿಯತೊಡಗುತ್ತದೆ. ಪ್ರೊಜೆಸ್ಟೆರಾನ್ ಒದಗಿಸುವ ಕೆಲಸವನ್ನು ಮಾಸು ವಹಿಸಿಕೊಂಡಿರುತ್ತದೆ. ಹನ್ನೆರಡು ತುಂಬುವಾಗ ಮಗು ಸುಮಾರು ಐದಾರು ಸೆಂಟಿಮೀಟರ್ ಉದ್ದವಾಗಿ, ಗರ್ಭಕೋಶ ಕಿಬ್ಬೊಟ್ಟೆಯ ಮೂಳೆಯ ಮೇಲಕ್ಕೆ ಕೈಗೆ ಸಿಗುವಂತಾಗುತ್ತದೆ. ಬಹಳಷ್ಟು ಮಂದಿ ಒಂದು ಬೆಳಿಗ್ಗೆ ಎದ್ದು, ಕಾಫಿಯ ವಾಸನೆಗೆ ಮುಖ ತಿರುಗಿಸದೆ ಲೋಟ ಕೈಗೆ ತೆಗೆದುಕೊಂಡ ಮೇಲಷ್ಟೇ ವಾಕರಿಕೆ ಹೋಗಿದೆಯೆಂದು ಗಮನಿಸುತ್ತಾರೆ. ಮಗುವಿನ ಮಿಸುಕಾಟ ತಿಳಿಯುವುದು ಅದಾದ ಮೇಲೆ: ಮೊದಲ ಬಸಿರಿನಲ್ಲಿ ಹದಿನೆಂಟರಿಂದ ಇಪ್ಪತ್ತನೆಯ ವಾರದ ಹೊತ್ತಿಗೆ, ಎರಡನೆಯದಾದರೆ ಇನ್ನೂ ಒಂದೆರಡು ವಾರ ಮುಂಚೆ.